ಬೆಳಗ್ಗೆ ಏನು ತಿಂದೆ? ಒಂದು ಪ್ರಶ್ನೆಯ ಇತಿಹಾಸ



ಕೆಲವು ವರ್ಷಗಳ ಹಿಂದೆ ನಮ್ಮ ಸ್ಟುಡಿಯೋದಲ್ಲಿ ಆರೋಗ್ಯ ಕುರಿತ ನೇರ ಪ್ರಸಾರದ ಫೋನ್-ಇನ್ ಕಾರ್ಯಕ್ರಮವೊಂದು ನಡೆಯುತ್ತಿತ್ತು. ನಾನು ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದೆ. ಪದವಿ ತರಗತಿಯ ಹುಡುಗಿಯೊಬ್ಬಳು ಕರೆ ಮಾಡಿ, "ಸರ್, ಓದಲು ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ಸಣ್ಣ ವಿಷಯಕ್ಕೂ ಅಳು ಬರುತ್ತದೆ. ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಎಲ್ಲರೂ ನನಗೆ ಧೈರ್ಯ ಸಾಲದು ಎನ್ನುತ್ತಾರೆ" ಎಂದಳು. ಸ್ಟುಡಿಯೋದಲ್ಲಿದ್ದ ಹಿರಿಯ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತು ಬೆಳಗ್ಗೆ ಏನು ತಿಂದೆಯಮ್ಮಾ?" ಎಂದು ಕೇಳಿದರು.

"ಏನಿಲ್ಲ ಸರ್, ಬರೀ ಟೀ."

"ನಿನ್ನೆ?"

"ನಿನ್ನೆಯೂ ಅಷ್ಟೇ ಸರ್. ಏಳು ಗಂಟೆಗೇ ಬಸ್ಸು."

ಕಂಟ್ರೋಲ್ ರೂಮಿನಲ್ಲಿ ನಾವೆಲ್ಲ ನಕ್ಕುಬಿಟ್ಟೆವು. ಹುಡುಗಿ ಮನಸ್ಸಿನ ಮಾತು ಆಡುತ್ತಿದ್ದಾಳೆ, ಇವರು ತಿಂಡಿಯ ಮಾತು ಆಡುತ್ತಿದ್ದಾರಲ್ಲ ಎಂದು ನಮಗೆ ಅನ್ನಿಸಿತು. ವೈದ್ಯರು ಆಕೆಗೆ ಹತ್ತಿರದ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಮನೋವೈದ್ಯರನ್ನು ಕಾಣಲು ಹಿಂಜರಿಯಬಾರದೆಂದೂ ಹೇಳಿದರು. ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ನಾನು ನಮ್ಮ ನಗುವಿನ ವಿಷಯ ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನೀವು ವಿಜ್ಞಾನ ಓದಿದವರಲ್ಲವೇ? ಪೆಲ್ಲಾಗ್ರದ ಇತಿಹಾಸ ಓದಿ ನೋಡಿ. ಈ ಪ್ರಶ್ನೆಯನ್ನು ಯಾರೂ ಕೇಳದಿದ್ದ ಕಾಲವೊಂದಿತ್ತು" ಎಂದಷ್ಟೇ ಹೇಳಿ ಹೊರಟರು.

ಬಿ.ಎಸ್ಸಿ. ಓದುವಾಗ ನನ್ನ ಮಟ್ಟಿಗೆ ಪೆಲ್ಲಾಗ್ರ ಎಂದರೆ ಜೀವಸತ್ವಗಳ ಪಟ್ಟಿಯಲ್ಲಿನ ಒಂದು ಸಾಲು. 'ನಯಾಸಿನ್ ಕೊರತೆಯಿಂದ ಬರುವ ರೋಗ' ಎಂದು ಬರೆದರೆ ಎರಡು ಅಂಕ ಸಿಗುತ್ತಿತ್ತು. ಆ ಒಂದು ಸಾಲಿನ ಹಿಂದೆ ಇನ್ನೂರು ವರ್ಷಗಳ ಸಂಕಟವಿದೆ ಎಂಬುದು ಓದಿದ ಮೇಲೆ ತಿಳಿಯಿತು. ಮನಸ್ಸಿಗೂ ದೇಹಕ್ಕೂ ಇರುವ ನಂಟನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕಥೆ ವೈದ್ಯಕೀಯ ಚರಿತ್ರೆಯಲ್ಲಿ ಅಪರೂಪ. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕೊರಳಿನ ಕೆಂಪು ಪಟ್ಟಿ

1735ರಲ್ಲಿ ಸ್ಪೇನ್ ದೇಶದ ಅಸ್ಟೂರಿಯಸ್ ಪ್ರಾಂತದಲ್ಲಿ ಗ್ಯಾಸ್ಪರ್ ಕಸಾಲ್ ಎಂಬ ವೈದ್ಯ ಬಡ ರೈತರಲ್ಲಿ ಒಂದು ವಿಚಿತ್ರ ರೋಗವನ್ನು ಗುರುತಿಸಿದ. ಬಿಸಿಲು ಬೀಳುವ ಕಡೆಯಲ್ಲೆಲ್ಲ, ಅಂದರೆ ಕೈಕಾಲುಗಳ ಮೇಲೆ, ಚರ್ಮ ಕೆಂಪಾಗಿ ಒರಟಾಗುತ್ತಿತ್ತು. ಕೊರಳ ಸುತ್ತ ಹಾರ ಹಾಕಿದಂತೆ ಪಟ್ಟಿ ಮೂಡುತ್ತಿತ್ತು. ವೈದ್ಯರು ಅದನ್ನು ಇಂದಿಗೂ 'ಕಸಾಲನ ಹಾರ' ಎನ್ನುತ್ತಾರೆ. ಕಸಾಲ್ ತೀರಿಕೊಂಡ ಮೇಲೆ, 1762ರಲ್ಲಿ, ಅವನ ಬರಹ ಅಚ್ಚಾಯಿತು. 1771ರಲ್ಲಿ ಇಟಲಿಯ ಮಿಲಾನ್ ನಗರದ ಫ್ರಾನ್ಸೆಸ್ಕೊ ಫ್ರಪೊಲ್ಲಿ ಎಂಬ ವೈದ್ಯ ಇದನ್ನು 'ಪೆಲ್ಲಾಗ್ರ' ಎಂದು ಕರೆದ. ಇಟಲಿಯ ಹಳ್ಳಿಗರ ಮಾತಿನಲ್ಲಿ ಅದರ ಅರ್ಥ 'ಒರಟು ಚರ್ಮ'.

ಹೆಸರು ಚರ್ಮದಿಂದ ಬಂದಿದ್ದರೂ ರೋಗ ಚರ್ಮಕ್ಕೆ ನಿಲ್ಲುತ್ತಿರಲಿಲ್ಲ. ವೈದ್ಯ ವಿದ್ಯಾರ್ಥಿಗಳು ಇದನ್ನು ನಾಲ್ಕು 'ಡಿ'ಗಳ ರೋಗವೆಂದು ನೆನಪಿಟ್ಟುಕೊಳ್ಳುತ್ತಾರೆ: ಡರ್ಮಟೈಟಿಸ್ ಅಂದರೆ ಚರ್ಮದ ಉರಿಯೂತ, ಡಯೇರಿಯ ಅಂದರೆ ಭೇದಿ, ಡಿಮೆನ್ಷಿಯ ಅಂದರೆ ಬುದ್ಧಿಭ್ರಮಣೆ, ಕೊನೆಗೆ ಡೆತ್ ಅಂದರೆ ಸಾವು. ಮೂರನೆಯದನ್ನು ಸ್ವಲ್ಪ ಗಮನಿಸಿ. ಮೊದಲು ರೋಗಿಗೆ ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಯಾವುದರಲ್ಲೂ ಆಸಕ್ತಿ ಇರುವುದಿಲ್ಲ, ಕಾರಣವಿಲ್ಲದೆ ದುಃಖವಾಗುತ್ತದೆ, ಮರೆವು ಬರುತ್ತದೆ. ರೋಗ ಬಲಿತಂತೆ ಗೊಂದಲ, ಭ್ರಮೆ, ಉನ್ಮಾದ. ಮನೆಯವರು ಇಂಥವರನ್ನು ಕರೆದೊಯ್ದದ್ದು ಹುಚ್ಚಾಸ್ಪತ್ರೆಗೆ. ಆ ಕಾಲದಲ್ಲಿ ಹಾಗೆಯೇ ಕರೆಯುತ್ತಿದ್ದರು.

ಈ ರೋಗ ಹೋದಲ್ಲೆಲ್ಲ ಅದರ ಜೊತೆಗೆ ಒಂದು ಧಾನ್ಯವಿತ್ತು, ಮೆಕ್ಕೆಜೋಳ. 1492ರಲ್ಲಿ ಕೊಲಂಬಸ್ ಅಮೆರಿಕ ಖಂಡವನ್ನು ತಲುಪಿದ ಮೇಲೆ ಯುರೋಪಿಗೆ ಬಂದ ಬೆಳೆ ಅದು. ಇಳುವರಿ ಹೆಚ್ಚು, ಬೆಲೆ ಕಡಿಮೆ. ಉತ್ತರ ಇಟಲಿಯ ಬಡವರು ಅದರ ಹಿಟ್ಟನ್ನು ನಮ್ಮ ಮುದ್ದೆಯಂತೆ ಬೇಯಿಸಿ, ತೊಳಸಿ, ಪೊಲೆಂಟಾ ಎಂದು ಹೊತ್ತುಹೊತ್ತಿಗೂ ಉಣ್ಣುತ್ತಿದ್ದರು. ಕೆಟ್ಟ ಮೆಕ್ಕೆಜೋಳದಲ್ಲಿ ವಿಷವಿದೆ ಎಂದು ಕೆಲವು ವಿದ್ವಾಂಸರು ವಾದಿಸಿದರು. ಆದರೆ ಆ ಧಾನ್ಯದ ತವರಾದ ಮೆಕ್ಸಿಕೋದಲ್ಲಿ ಸಾವಿರಾರು ವರ್ಷಗಳಿಂದ ಅದನ್ನೇ ಉಂಡವರಿಗೆ ಈ ರೋಗ ಇರಲಿಲ್ಲ. ಗುಟ್ಟು ಅವರ ಅಡುಗೆಮನೆಯಲ್ಲಿತ್ತು. ಅಲ್ಲಿನ ಹೆಂಗಸರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ರುಬ್ಬುತ್ತಿದ್ದರು. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ನಮ್ಮ ಕರುಳು ಹೀರಿಕೊಳ್ಳಲಾರದಂತೆ ಬಂಧಿತವಾಗಿರುತ್ತದೆ. ಸುಣ್ಣ ಆ ಬಂಧವನ್ನು ಬಿಡಿಸುತ್ತದೆ. ಯುರೋಪಿನವರು ಬೀಜ ತಂದರು, ಬೇಯಿಸುವ ವಿಧಾನ ತರಲಿಲ್ಲ.

ಆಸ್ಪತ್ರೆಯೊಳಗಿನ ಒಗಟು

1906ರಲ್ಲಿ ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದಲ್ಲಿ, ಕಪ್ಪು ಜನರಿಗೆಂದು ಇದ್ದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಪೆಲ್ಲಾಗ್ರ ಕಾಣಿಸಿಕೊಂಡಿತು. ಜಾರ್ಜ್ ಸರ್ಸಿ ಎಂಬ ವೈದ್ಯ ಮರುವರ್ಷ ಅದನ್ನು ವರದಿ ಮಾಡಿದ. 88 ಮಂದಿಗೆ ರೋಗ ತಗಲಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. ಮುಂದಿನ ಕೆಲವು ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲೆಲ್ಲ ಇದು ಹರಡಿತು. 1940ರವರೆಗಿನ ಅವಧಿಯಲ್ಲಿ ಸುಮಾರು 30 ಲಕ್ಷ ಜನರಿಗೆ ಈ ರೋಗ ಬಂದು, ಸುಮಾರು ಒಂದು ಲಕ್ಷ ಜನ ಸತ್ತರೆಂದು ಅಂದಾಜಿದೆ.

ಸೂಕ್ಷ್ಮಾಣುಗಳ ಶೋಧ ವಿಜ್ಞಾನಿಗಳ ಕಣ್ಣು ಕೋರೈಸಿದ್ದ ಕಾಲ ಅದು. ಆದ್ದರಿಂದ ಇದೂ ಒಂದು ಅಂಟುರೋಗ ಎಂದು ಬಹಳ ಮಂದಿ ನಂಬಿದರು. ಇನ್ನು ಕೆಲವರು ರೋಗಿಗಳ ವಂಶವೇ ದುರ್ಬಲವೆಂದರು. ಚಾರ್ಲ್ಸ್ ಡೇವನ್‌ಪೋರ್ಟ್ ಎಂಬ ಪ್ರಸಿದ್ಧ ವಿಜ್ಞಾನಿ 1916ರಲ್ಲಿ ಪೆಲ್ಲಾಗ್ರಕ್ಕೆ ಆನುವಂಶಿಕ ಕಾರಣವಿದೆ ಎಂದು ಬರೆದ. 'ನಿನಗೆ ಧೈರ್ಯ ಸಾಲದು' ಎಂಬ ಮಾತನ್ನೇ ಪ್ರಯೋಗಾಲಯದ ಭಾಷೆಯಲ್ಲಿ ಹೇಳಿದಂತಾಯಿತು ಎಂದು ನನಗೆ ಅನ್ನಿಸುತ್ತದೆ. ತಪ್ಪು ರೋಗಿಯ ಹುಟ್ಟಿನಲ್ಲೇ ಇದೆ ಎಂದರೆ ಉಳಿದವರ ಜವಾಬ್ದಾರಿ ಅಲ್ಲಿಗೆ ಮುಗಿಯುತ್ತದೆ, ನೋಡಿ.

1914ರಲ್ಲಿ ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆ ಈ ಒಗಟನ್ನು ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಅವರಿಗೆ ಒಪ್ಪಿಸಿತು. ಅವರು ಹುಟ್ಟಿದ್ದು 1874ರಲ್ಲಿ, ಇಂದಿನ ಸ್ಲೊವಾಕಿಯಾದ ಒಂದು ಊರಿನಲ್ಲಿ. ಹುಡುಗನಾಗಿದ್ದಾಗಲೇ ತಂದೆತಾಯಿಯರೊಂದಿಗೆ ವಲಸೆ ಬಂದು ನ್ಯೂಯಾರ್ಕಿನಲ್ಲಿ ಬೆಳೆದವರು. ಅಂಟುರೋಗಗಳ ಅಧ್ಯಯನದಲ್ಲಿ ತಾವೇ ಹಳದಿ ಜ್ವರ, ಡೆಂಗ್ಯೂ, ಟೈಫಸ್ ಮೂರನ್ನೂ ಅನುಭವಿಸಿದವರು. ಅಂಟುರೋಗ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಸ್ಪತ್ರೆಗಳನ್ನೂ ಅನಾಥಾಲಯಗಳನ್ನೂ ಸುತ್ತಿದ ಅವರು ಒಂದು ಸರಳ ಸಂಗತಿಯನ್ನು ಕಂಡರು. ರೋಗಿಗಳ ಜೊತೆಯಲ್ಲೇ ಹಗಲಿರುಳು ಇರುವ ದಾದಿಯರಿಗೂ ಸೇವಕರಿಗೂ ಪೆಲ್ಲಾಗ್ರ ಬರುತ್ತಿರಲಿಲ್ಲ. ಅಂಟುರೋಗವಾಗಿದ್ದರೆ ಅವರನ್ನೇಕೆ ಬಿಡುತ್ತಿತ್ತು? ಸಿಬ್ಬಂದಿ ಊಟದಲ್ಲಿ ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಿದ್ದರು. ರೋಗಿಗಳಿಗೆ ಮಾತ್ರ ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟು ಮತ್ತು ನುಚ್ಚು, ಕಾಕಂಬಿ, ಒಂದಿಷ್ಟು ಹಂದಿಯ ಕೊಬ್ಬು. ಗೋಲ್ಡ್‌ಬರ್ಗರ್ ತಟ್ಟೆಯ ಕಡೆಗೆ ತಿರುಗಿದರು.

ಹಾಲು, ಮೊಟ್ಟೆ, ಕಾಳು

ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದ ಎರಡು ಅನಾಥಾಲಯಗಳಲ್ಲಿಯೂ ಜಾರ್ಜಿಯಾ ರಾಜ್ಯದ ಮಾನಸಿಕ ಆಸ್ಪತ್ರೆಯ ಎರಡು ವಾರ್ಡುಗಳಲ್ಲಿಯೂ ಅವರು ಊಟವನ್ನು ಬದಲಿಸಿದರು. ಬೇರೆ ಏನನ್ನೂ ಬದಲಿಸಲಿಲ್ಲ. ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಹೆಚ್ಚಿಸಿದರು, ಮೆಕ್ಕೆಜೋಳವನ್ನು ತಗ್ಗಿಸಿದರು. ಅನಾಥಾಲಯಗಳಲ್ಲಿ ಹಿಂದೆ ರೋಗ ಬಂದಿದ್ದು, ಒಂದು ವರ್ಷ ಪೂರ್ತಿ ನಿಗಾದಲ್ಲಿದ್ದ 172 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಅದು ಮರುಕಳಿಸಿತು. ಮಾನಸಿಕ ಆಸ್ಪತ್ರೆಯಲ್ಲಿ ಹೊಸ ಊಟ ಪಡೆದ 72 ರೋಗಿಗಳಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಅದೇ ಆಸ್ಪತ್ರೆಯಲ್ಲಿ ಹಳೆಯ ಊಟದಲ್ಲೇ ಉಳಿದು, ಹೋಲಿಕೆಗೆಂದು ಗಮನಿಸಲಾಗಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮತ್ತೆ ಬಂತು.

ಇಷ್ಟಾದರೂ ವಿರೋಧಿಗಳು ಒಪ್ಪಲಿಲ್ಲ. 1915ರಲ್ಲಿ ಮಿಸಿಸಿಪ್ಪಿಯ ಜೈಲು ಜಮೀನೊಂದರಲ್ಲಿ 12 ಕೈದಿಗಳು, ಬಿಡುಗಡೆ ಸಿಗುವುದೆಂಬ ಕರಾರಿನ ಮೇಲೆ, ಬಡವರ ಊಟವನ್ನೇ ತಿಂಗಳುಗಟ್ಟಲೆ ಉಣ್ಣಲು ಒಪ್ಪಿದರು. ಕೊನೆಯವರೆಗೆ ಉಳಿದ 11 ಮಂದಿಯಲ್ಲಿ 6 ಮಂದಿಗೆ ಪೆಲ್ಲಾಗ್ರ ಬಂತು. ಸೆರೆಯಲ್ಲಿರುವವರಿಗೆ ಬಿಡುಗಡೆಯ ಆಸೆ ತೋರಿಸಿ ರೋಗ ಬರಿಸುವ ಇಂಥ ಪ್ರಯೋಗಕ್ಕೆ ಇಂದಿನ ನೈತಿಕ ನಿಯಮಗಳು ಅವಕಾಶ ಕೊಡುವುದಿಲ್ಲ, ಕೊಡಲೂಬಾರದು. ಮರುವರ್ಷ ಗೋಲ್ಡ್‌ಬರ್ಗರ್ ಪ್ರಯೋಗವನ್ನು ತಮ್ಮ ಮೇಲೆಯೇ ಮಾಡಿಕೊಂಡರು. ಅವರೂ ಅವರ ಸಹೋದ್ಯೋಗಿಗಳೂ ರೋಗಿಗಳ ರಕ್ತವನ್ನು ತಮಗೆ ಚುಚ್ಚಿಸಿಕೊಂಡರು. ರೋಗಿಗಳ ಚರ್ಮದ ಹೊಪ್ಪಳೆ, ಮಲಮೂತ್ರಗಳನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. ಅವರ ಪತ್ನಿ ಮೇರಿ ಕೂಡ ರೋಗಿಯ ರಕ್ತದ ಚುಚ್ಚುಮದ್ದು ಹಾಕಿಸಿಕೊಂಡರು. ಯಾರಿಗೂ ಪೆಲ್ಲಾಗ್ರ ಬರಲಿಲ್ಲ.

ತಟ್ಟೆಯ ಹಿಂದಿನ ಬಡತನ

ಕಥೆ ಇಲ್ಲಿಗೇ ನಿಂತಿದ್ದರೆ 'ಒಳ್ಳೆಯದನ್ನು ತಿನ್ನಿ, ಆರೋಗ್ಯವಾಗಿರಿ' ಎಂಬ ನೀತಿವಾಕ್ಯದೊಂದಿಗೆ ಮುಗಿಸಬಹುದಿತ್ತು. ಆದರೆ ಗೋಲ್ಡ್‌ಬರ್ಗರ್ ಇನ್ನೊಂದು ಪ್ರಶ್ನೆ ಕೇಳಿದರು: ಈ ಜನ ಒಳ್ಳೆಯದನ್ನು ಏಕೆ ತಿನ್ನುತ್ತಿಲ್ಲ?

1916ರಲ್ಲಿ ಅವರು ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರ ಜೊತೆಗೂಡಿ ದಕ್ಷಿಣ ಕೆರೊಲಿನಾ ರಾಜ್ಯದ ಏಳು ಹತ್ತಿಗಿರಣಿ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ತೆಗೆದರು. ಯಾರಿಗೆ ಎಷ್ಟು ಆದಾಯ, ಏನು ಕೊಳ್ಳುತ್ತಾರೆ, ಯಾರಿಗೆ ರೋಗ. ಆದಾಯ ಕಡಿಮೆಯಾದಷ್ಟೂ ಪೆಲ್ಲಾಗ್ರ ಹೆಚ್ಚಾಗಿತ್ತು. ಕೈಯಲ್ಲಿ ಕಾಸಿದ್ದರೂ ಸುತ್ತಮುತ್ತ ಹಾಲು, ತರಕಾರಿ ಸಿಗದ ಹಳ್ಳಿಗಳಲ್ಲಿ ರೋಗ ಹೆಚ್ಚು. ಹೊಲದಿಂದ ತಾಜಾ ಪದಾರ್ಥ ಬರುವ ಹಳ್ಳಿಗಳಲ್ಲಿ ಕಡಿಮೆ. ಅಲ್ಲಿನ ಭೂಮಿಯೆಲ್ಲ ಹತ್ತಿಗೆ ಮೀಸಲಾಗಿತ್ತು. ಹಸು ಕಟ್ಟಲು, ಕೈತೋಟ ಮಾಡಲು ಬಡವನಿಗೆ ಜಾಗವಿರಲಿಲ್ಲ.

ಇನ್ನೊಂದು ಸಂಗತಿಯೂ ಹೊರಬಿತ್ತು. ದುಡಿಯುವ ವಯಸ್ಸಿನ ಗಂಡಸರಿಗಿಂತ ಅದೇ ವಯಸ್ಸಿನ ಹೆಂಗಸರಲ್ಲಿ ರೋಗ ಬಹಳ ಹೆಚ್ಚಾಗಿತ್ತು. ಮನೆಗೆ ಬಂದ ಚೂರು ಮಾಂಸ ದುಡಿದು ಬಂದ ಗಂಡನಿಗೆ, ಇದ್ದಷ್ಟು ಹಾಲು ಮಕ್ಕಳಿಗೆ. ಉಳಿದ ನುಚ್ಚು ತಾಯಿಗೆ. ಇದನ್ನು ಓದುವಾಗ ನನ್ನ ಕಣ್ಣಮುಂದೆ ಬಂದದ್ದು ದಕ್ಷಿಣ ಕೆರೊಲಿನಾ ಅಲ್ಲ, ಎಲ್ಲರದೂ ಆದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುವ ನಮ್ಮ ಮನೆಗಳ ಅಮ್ಮಂದಿರು. 'ಅವಳಿಗೆ ಈಚೆಗೆ ಸಿಟ್ಟು ಜಾಸ್ತಿ, ಮರೆವು ಜಾಸ್ತಿ' ಎಂದು ನಾವು ಹೇಳುತ್ತೇವಲ್ಲ, ಅವಳು ಏನು ಉಂಡಳು ಎಂದು ಕೇಳಿದ್ದೇವೆಯೇ?

ಬಡತನವೇ ಕಾರಣ ಎಂಬ ಮಾತು ಅಧಿಕಾರದಲ್ಲಿದ್ದವರಿಗೆ ಹಿಡಿಸಲಿಲ್ಲ. ಹತ್ತಿಯ ಬೆಲೆ ಕುಸಿದಿದ್ದ 1921ರಲ್ಲಿ ಪೆಲ್ಲಾಗ್ರ ಮತ್ತೆ ಏರುತ್ತಿದೆ ಎಂದು ಎಚ್ಚರಿಕೆ ಕೊಟ್ಟಾಗ, ದಕ್ಷಿಣದ ಅನೇಕ ಮುಖಂಡರು ಅದನ್ನು ತಮ್ಮ ನಾಡಿಗಾದ ಅವಮಾನವೆಂದು ಪ್ರತಿಭಟಿಸಿದರು. ಯೀಸ್ಟ್ ತಿಂದರೆ ರೋಗ ತಡೆಯಬಹುದೆಂದು ಗೋಲ್ಡ್‌ಬರ್ಗರ್ ಮುಂದೆ ಕಂಡುಕೊಂಡರು. 1927ರ ಮಿಸಿಸಿಪ್ಪಿ ಪ್ರವಾಹದ ಸಂತ್ರಸ್ತರಿಗೆ ರೆಡ್‌ಕ್ರಾಸ್ ಯೀಸ್ಟನ್ನು ಹಂಚಿತು. ಆದರೆ ಅದರಲ್ಲಿರುವ ವಸ್ತು ಯಾವುದೆಂದು ತಿಳಿಯುವ ಮೊದಲೇ, 1929ರ ಜನವರಿಯಲ್ಲಿ, ಅವರು ಕ್ಯಾನ್ಸರಿನಿಂದ ತೀರಿಕೊಂಡರು.

1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹ್ಯಾಮ್ ಆ ವಸ್ತು ನಿಕೋಟಿನಿಕ್ ಆಮ್ಲವೆಂದು ತೋರಿಸಿದರು. ತಂಬಾಕಿನ ನೆನಪು ಬಾರದಿರಲೆಂದು ಮುಂದೆ ಅದಕ್ಕೆ ನಯಾಸಿನ್ ಎಂಬ ಹೆಸರು ಬಂತು. ಪೆಲ್ಲಾಗ್ರದಿಂದ ಬುದ್ಧಿ ಕೆಟ್ಟಿದ್ದ ರೋಗಿಗಳಿಗೆ ಇದನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಅನೇಕರ ಗೊಂದಲ ತಿಳಿಯಾಯಿತು. ಮನೆಯವರ ಗುರುತು ಹಿಡಿಯದಿದ್ದವರು ಮಾತನಾಡತೊಡಗಿದರು. 1940ರ ದಶಕದಲ್ಲಿ ಬ್ರೆಡ್ಡು, ಹಿಟ್ಟುಗಳಿಗೆ ನಯಾಸಿನ್ ಬೆರೆಸುವ ಕ್ರಮ ಬಂತು. ಜನರ ಆದಾಯವೂ ಊಟವೂ ಸುಧಾರಿಸಿದವು. ಪೆಲ್ಲಾಗ್ರ ದಕ್ಷಿಣದ ಆಸ್ಪತ್ರೆಗಳಿಂದ ಮರೆಯಾಯಿತು.

ಇದರ ವಿಜ್ಞಾನ ಕಷ್ಟವೇನಲ್ಲ. ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯಲು ಬೇಕಾದ ಎನ್‌ಎಡಿ ಎಂಬ ಸಹಕಿಣ್ವವನ್ನು ದೇಹ ನಯಾಸಿನ್‌ನಿಂದ ತಯಾರಿಸುತ್ತದೆ. ನಮ್ಮ ಮಿದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟು. ಬಳಸುವ ಶಕ್ತಿ ಶೇಕಡಾ 20ರಷ್ಟು. ಶಕ್ತಿಯ ಸರಬರಾಜು ಕೆಟ್ಟರೆ ಮಿದುಳು ಬೇಗ ಸೊರಗುತ್ತದೆ. ಹಾಲು, ಮೊಟ್ಟೆಗಳಲ್ಲಿ ನಯಾಸಿನ್ ಕಡಿಮೆಯಾದರೂ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವಿದೆ. ದೇಹ ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್‌ನಿಂದ 1 ಮಿಲಿಗ್ರಾಂ ನಯಾಸಿನ್ ಮಾಡಿಕೊಳ್ಳುತ್ತದೆ. ಮನಸ್ಸಿನ ಸ್ಥಿತಿಗೂ ನಿದ್ದೆಗೂ ಸಂಬಂಧಿಸಿದ ಸೆರೊಟೋನಿನ್ ತಯಾರಾಗುವುದೂ ಇದೇ ಟ್ರಿಪ್ಟೊಫಾನ್‌ನಿಂದ.

ದಖ್ಖನ್ನಿನ ಜೋಳದ ಹೊಲಗಳಲ್ಲಿ

ಇದು ಪರದೇಶದ ಕಥೆ ಎಂದು ನೀವು ಪುಟ ಮಗುಚಬೇಡಿ. ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿ ಮೆಕ್ಕೆಜೋಳ ತಿನ್ನದವರಲ್ಲಿಯೂ ಪೆಲ್ಲಾಗ್ರ ಇತ್ತು. ಹೈದರಾಬಾದಿನ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿದ್ದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ರೋಗಿಗಳು ಬಡ ಕೃಷಿ ಕಾರ್ಮಿಕರು. ಅವರ ಮುಖ್ಯ ಆಹಾರ ನಾವು ರೊಟ್ಟಿ ತಟ್ಟುವ ಜೋಳ. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ನಯಾಸಿನ್ ತಯಾರಿಕೆಗೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ. ಆ ವಾದದ ಪರ ವಿರೋಧ ಚರ್ಚೆ ಮುಂದೆಯೂ ನಡೆಯಿತು. ಆದರೆ ಒಂದೇ ಧಾನ್ಯದ ಮೇಲೆ ಬದುಕಬೇಕಾದವರ ಸ್ಥಿತಿಯನ್ನು ಅವರು ಬೆಳಕಿಗೆ ತಂದರು.

ಹಾಗಾದರೆ ಜೋಳದ ರೊಟ್ಟಿ ಕೆಟ್ಟದ್ದೇ? ಖಂಡಿತ ಅಲ್ಲ. ಉತ್ತರ ಕರ್ನಾಟಕದ ಊಟದ ತಟ್ಟೆಯನ್ನು ನೆನಪಿಸಿಕೊಳ್ಳಿ. ರೊಟ್ಟಿಯ ಜೊತೆಗೆ ಕಾಳಿನ ಪಲ್ಯ, ಬೇಳೆ, ಶೇಂಗಾ ಚಟ್ನಿ, ಮೊಸರು. ಶೇಂಗಾದಲ್ಲಿ ನಯಾಸಿನ್ ಯಥೇಚ್ಛವಾಗಿದೆ. ಬೇಳೆ ಮೊಸರುಗಳು ಟ್ರಿಪ್ಟೊಫಾನ್ ಒದಗಿಸುತ್ತವೆ. ರೊಟ್ಟಿಯ ಪಕ್ಕದ ಈ ಪದಾರ್ಥಗಳನ್ನು ಬಡತನ ಒಂದೊಂದಾಗಿ ಕಿತ್ತುಕೊಂಡು ಬರೀ ರೊಟ್ಟಿ, ಖಾರ ಉಳಿಸಿದಾಗಲೇ ಕೇಡು.

ಆ ಪದಾರ್ಥಗಳನ್ನು ತಟ್ಟೆಗೆ ಮರಳಿ ತರುವ ಕೆಲಸ ಒಬ್ಬೊಬ್ಬರೇ ಮಾಡುವಂಥದ್ದಲ್ಲ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. 2013ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಆರಂಭವಾಯಿತು. ನಿಮ್ಮಲ್ಲಿ ಅನೇಕರು ಆ ಊಟ ಉಂಡು, ಆ ಹಾಲು ಕುಡಿದು ಬೆಳೆದವರು. ಅದನ್ನು ಹೊಟ್ಟೆ ತುಂಬಿಸುವ ಯೋಜನೆ ಎಂದಷ್ಟೇ ತಿಳಿಯಬೇಡಿ. ಪಾಠ ಕೇಳುವ ಮಿದುಳಿಗೂ ಅದು ಆಹಾರವೇ.

ನಾವು ಕೇಳಬೇಕಾದ ಪ್ರಶ್ನೆ

ಈ ಚರಿತ್ರೆಯಿಂದ ತಪ್ಪು ಪಾಠ ಕಲಿಯುವುದೂ ಸಾಧ್ಯ. ಮನಸ್ಸಿನ ಎಲ್ಲ ಕಾಯಿಲೆಗಳೂ ಊಟದ ಕೊರತೆಯಿಂದ ಬರುವುದಿಲ್ಲ. ಚೆನ್ನಾಗಿ ಉಂಡು, ಮಲಗಿ, ಆಟವಾಡುವವರಿಗೂ ಖಿನ್ನತೆ ಬರುತ್ತದೆ. ಅಂಥವರಿಗೆ 'ಬೆಳಗ್ಗೆ ಎದ್ದು ಓಡು, ಎಲ್ಲ ಸರಿಹೋಗುತ್ತದೆ' ಎನ್ನುವುದು, 'ನಿನಗೆ ಧೈರ್ಯ ಸಾಲದು' ಎಂದಷ್ಟೇ ಕ್ರೂರ. ಅವರಿಗೆ ಚಿಕಿತ್ಸೆ ಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆದರೆ ಮನಸ್ಸು ಕುಗ್ಗಿದೆ ಎಂದು ಬಂದವರ ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯಿಡ್, ಬಿ-12 ಜೀವಸತ್ವಗಳನ್ನು ಇಂದಿನ ವೈದ್ಯರು ಏಕೆ ನೋಡುತ್ತಾರೆ ಎಂಬುದು ಈಗ ನಿಮಗೆ ಅರ್ಥವಾಗಿರಬಹುದು. ಇವುಗಳ ಏರುಪೇರು ಸುಸ್ತು, ಮಂಕು, ಮರೆವು, ದುಃಖಗಳ ವೇಷದಲ್ಲಿ ಬರಬಲ್ಲದು. ನಿದ್ದೆಯದೂ ಅದೇ ಮಾತು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ತಜ್ಞರು. 17 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪರೀಕ್ಷೆ ಬಂತೆಂದರೆ ನಾವು ಮೊದಲು ಕತ್ತರಿಸುವುದು ಇವೆರಡನ್ನೇ. ನಾನೂ ಎಡಿಟಿಂಗ್ ಕೋಣೆಯಲ್ಲಿ ಮೂರು ರಾತ್ರಿ ಟೀ, ಬಿಸ್ಕತ್ತಿನ ಮೇಲೆ ಕಳೆದು, ನಾಲ್ಕನೆಯ ದಿನ ಸಹೋದ್ಯೋಗಿಗಳ ಮೇಲೆ ಸುಮ್ಮಸುಮ್ಮನೆ ರೇಗಾಡಿದವನೇ. ಆಗ ಅದನ್ನು ನನ್ನ ಸ್ವಭಾವವೆಂದು ತಿಳಿದಿದ್ದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಹಾಸ್ಟೆಲಿನ ಗೆಳೆಯನೊಬ್ಬ ಮಂಕಾಗಿ ಕುಳಿತಿದ್ದರೆ, ತರಗತಿಯ ಗೆಳತಿ ಕಾರಣವಿಲ್ಲದೆ ಸಿಡುಕಿದರೆ, ಮನೆಯಲ್ಲಿ ಅಮ್ಮ ಮಾತು ಕಡಿಮೆ ಮಾಡಿದ್ದರೆ, ಅವರ ಗುಣದ ಬಗ್ಗೆ ತೀರ್ಪು ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ. ಏನು ತಿಂದೆ? ಎಷ್ಟು ಹೊತ್ತು ಮಲಗಿದೆ? ಉತ್ತರ ಬಂದ ಮೇಲೆ ಗೋಲ್ಡ್‌ಬರ್ಗರ್ ಕೇಳಿದ ಮೂರನೆಯ ಪ್ರಶ್ನೆಯನ್ನೂ ಕೇಳಿ: ಏಕೆ? ಏಳು ಗಂಟೆಯ ಬಸ್ಸು ಹಿಡಿಯಬೇಕಾದ ಹುಡುಗಿಗೆ ತಿಂಡಿ ತಿನ್ನೆಂದು ಉಪದೇಶಿಸುವುದು ಸುಲಭ. ಆರಕ್ಕೇ ಎದ್ದು ಆಕೆಯ ಡಬ್ಬಿಗೆ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಹಾಕಿಕೊಡಲು ಮನೆಯಲ್ಲಿ ಯಾರಾದರೂ ಇದ್ದಾರೆಯೇ, ಹಿಟ್ಟಿನ ಡಬ್ಬದಲ್ಲಿ ಹಿಟ್ಟು ಇದೆಯೇ ಎಂದೂ ನೋಡಬೇಕು.

ಆ ದಿನ ಕಂಟ್ರೋಲ್ ರೂಮಿನಲ್ಲಿ ನಕ್ಕವರಲ್ಲಿ ನಾನೂ ಒಬ್ಬ. ಈಗ ಆರೋಗ್ಯದ ಕಾರ್ಯಕ್ರಮವಿದ್ದಾಗಲೆಲ್ಲ, ಕರೆ ಮಾಡಿದವರನ್ನು ಸ್ಟುಡಿಯೋಗೆ ಜೋಡಿಸುವ ಮೊದಲು, ನಮ್ಮ ಹುಡುಗರು ಹೆಸರು, ಊರು ಕೇಳಿದ ಮೇಲೆ ಇನ್ನೊಂದು ಮಾತು ಕೇಳುತ್ತಾರೆ: "ಊಟ ಆಯಿತೇ?"